ಕ್ಲಾಡಿಯಸ್ ಬರೆದ ಪುಸ್ತಕ ಕಳೆದುಹೋಯಿತು, ಗ್ರೇವ್ಸ್ ಇನ್ನೊಂದು ಬರೆದ

ರೋಮಿನ ಚಕ್ರವರ್ತಿ ಕ್ಲಾಡಿಯಸ್ ತನ್ನ ಬದುಕಿನ ಕಥೆಯನ್ನು ತಾನೇ ಬರೆದಿಟ್ಟಿದ್ದ. ಎಂಟು ಸಂಪುಟ. ಅವನು ಸತ್ತು ಅರವತ್ತು ಎಪ್ಪತ್ತು ವರ್ಷದ ಮೇಲೆ ಸ್ವೆಟೋನಿಯಸ್ ಎಂಬ ಚರಿತ್ರೆಕಾರ ಅದರ ಬಗ್ಗೆ ಒಂದೇ ಒಂದು ಮಾತು ಹೇಳಿದ: ಬರವಣಿಗೆ ಕೆಟ್ಟದಾಗಿಲ್ಲ, ಆದರೆ ಎಲ್ಲಿ ಏನು ಹೇಳಬೇಕು ಅನ್ನುವ ಅಂದಾಜಿಲ್ಲ. ಅಷ್ಟೇ. ಆ ಎಂಟು ಸಂಪುಟ ಇವತ್ತು ಎಲ್ಲೂ ಇಲ್ಲ.

1934ರಲ್ಲಿ ರಾಬರ್ಟ್ ಗ್ರೇವ್ಸ್ ಎಂಬ ಇಂಗ್ಲಿಷ್ ಕವಿ ಆ ಕಳೆದುಹೋದ ಪುಸ್ತಕವನ್ನು ಕ್ಲಾಡಿಯಸ್‌ನ ಬಾಯಲ್ಲೇ ಹೇಳಿಸಿ ಬರೆದ. ಅದೇ ‘ಐ, ಕ್ಲಾಡಿಯಸ್’. ಕುಂಟುವ ಕಾಲು, ತೊದಲುವ ನಾಲಿಗೆ, ಅಲುಗಾಡುವ ತಲೆ, ಮನೆಯವರ ಪಾಲಿಗೆ ದಡ್ಡ. ಇಂಥವನೊಬ್ಬ ಮೂಲೆಯಲ್ಲಿ ಕೂತು, ತನ್ನ ಮನೆಯವರು ಒಬ್ಬೊಬ್ಬರಾಗಿ ಸಾಯುವುದನ್ನು ನೋಡುತ್ತಾ ಎಲ್ಲವನ್ನೂ ಬರೆದಿಡುತ್ತಾನೆ. ಕಾದಂಬರಿಯ ಶುರುವಿನಲ್ಲೇ ಒಂದು ಕಣಿ ಬರುತ್ತದೆ: ಹೆಚ್ಚುಕಡಿಮೆ ಹತ್ತೊಂಬತ್ತು ನೂರು ವರ್ಷ ಆದಮೇಲೆ ಕ್ಲಾಡಿಯಸ್ ತೊದಲದೆ ಮಾತಾಡುತ್ತಾನೆ ಅಂತ. ಕ್ರಿ.ಶ. 41ರಲ್ಲಿ ಪಟ್ಟಕ್ಕೆ ಬಂದವನು, 1934ರಲ್ಲಿ ಬಂದ ಪುಸ್ತಕ. ಲೆಕ್ಕ ಹಾಕಿ ನೋಡಿ, ಸರಿಹೋಗುತ್ತದೆ.

ಈ ಕಾದಂಬರಿಯ ಹುಚ್ಚು ಹಿಡಿದವರು ಬಹಳ ಜನ, ಅವರಲ್ಲಿ ನಾನೂ ಒಬ್ಬ. ಆದರೆ ಹುಚ್ಚು ಹಿಡಿದವರೆಲ್ಲ ಒಂದು ಕಡೆ ಮುಗ್ಗರಿಸುತ್ತಾರೆ. ಇದರಲ್ಲಿ ನಿಜ ಎಷ್ಟು, ಗ್ರೇವ್ಸ್ ಕಟ್ಟಿದ್ದು ಎಷ್ಟು? ‘ಎಲ್ಲ ನಿಜ’ ಅಂದುಕೊಂಡು ಕ್ಲಾಡಿಯಸ್‌ನ ಅಜ್ಜಿ ಲಿವಿಯಾಳನ್ನು ಕೊಲೆಗಾತಿ ಅನ್ನುವವರಿದ್ದಾರೆ. ‘ಕಥೆ ತಾನೇ’ ಅಂತ ಪಕ್ಕಕ್ಕಿಡುವವರೂ ಇದ್ದಾರೆ. ನಿಜ ಎಲ್ಲಿಗೆ ಮುಗಿಯುತ್ತದೆ, ಕಥೆ ಎಲ್ಲಿ ಶುರುವಾಗುತ್ತದೆ ಅಂತ ಗೊತ್ತಾದರೆ ಪುಸ್ತಕ ಇನ್ನೂ ಜಾಸ್ತಿ ಇಷ್ಟವಾಗುತ್ತದೆ ಅನ್ನುವುದು ನನ್ನ ಅಭಿಪ್ರಾಯ. ಅದನ್ನೇ ಇಲ್ಲಿ ಬಿಡಿಸಿ ನೋಡೋಣ.

ಮೊದಲು ಸಂಬಂಧ ಸರಿಮಾಡಿಕೊಳ್ಳೋಣ

ಅರ್ಧಕ್ಕೆ ನಿಲ್ಲಿಸಿದವರನ್ನು ಕೇಳಿದರೆ ಎಲ್ಲರದೂ ಒಂದೇ ದೂರು: ಹೆಸರುಗಳು. ಅದು ಓದುವವರ ತಪ್ಪಲ್ಲ. ರೋಮನ್ನರಲ್ಲಿ ಗಂಡುಮಕ್ಕಳಿಗೆ ಇಡುವ ಹೆಸರುಗಳೇ ಬೆರಳೆಣಿಕೆಯಷ್ಟು. ಹೆಣ್ಣುಮಕ್ಕಳಿಗಂತೂ ಕುಲದ ಹೆಸರೇ ಹೆಸರು. ಜೂಲಿಯಸ್ ಕುಲದಲ್ಲಿ ಹುಟ್ಟಿದರೆ ಜೂಲಿಯಾ, ಆಂಟೋನಿಯಸ್ ಕುಲದಲ್ಲಿ ಹುಟ್ಟಿದರೆ ಆಂಟೋನಿಯಾ. ಇಬ್ಬರು ಹುಟ್ಟಿದರೆ ದೊಡ್ಡ ಆಂಟೋನಿಯಾ, ಚಿಕ್ಕ ಆಂಟೋನಿಯಾ. ರೋಮಿನ ಮೊದಲ ಚಕ್ರವರ್ತಿ ಅಗಸ್ಟಸ್‌ನ ಮಗಳೂ ಜೂಲಿಯಾ, ಮೊಮ್ಮಗಳೂ ಜೂಲಿಯಾ. ಇಬ್ಬರ ಮೇಲೂ ಹಾದರದ ಆರೋಪ ಬಂತು, ಇಬ್ಬರೂ ದ್ವೀಪಗಳಿಗೆ ಗಡಿಪಾರಾದರು. ಇನ್ನು ಕ್ಲಾಡಿಯಸ್‌ನ ಉದ್ದದ ಹೆಸರಿನಲ್ಲಿ ಟೈಬೀರಿಯಸ್ ಇದೆ, ನೀರೋ ಇದೆ, ಜರ್ಮಾನಿಕಸ್ ಕೂಡ ಇದೆ. ತಲೆ ಕೆಡದೆ ಇನ್ನೇನು?

ಇಂಗ್ಲಿಷಿನಲ್ಲಿ ಇದನ್ನು ಬಿಡಿಸುವುದು ಕಷ್ಟ. ‘ಅಂಕಲ್’ ಅಂದರೆ ಯಾವ ಅಂಕಲ್? ನಮಗೆ ಆ ತೊಂದರೆ ಇಲ್ಲ. ಎಲ್ಲರನ್ನೂ ಕ್ಲಾಡಿಯಸ್‌ನ ಕಡೆಯಿಂದ ಕರೆದು ನೋಡಿ, ಒಂದು ನಿಮಿಷದಲ್ಲಿ ಚಿತ್ರ ಸಿಗುತ್ತದೆ.

ಲಿವಿಯಾ ಅವನಿಗೆ ಅಜ್ಜಿ, ಅಪ್ಪನ ಅಮ್ಮ. ಅಪ್ಪ ಡ್ರೂಸಸ್. ಅಪ್ಪನ ಅಣ್ಣ ಟೈಬೀರಿಯಸ್, ಅಂದರೆ ದೊಡ್ಡಪ್ಪ. ಈ ಇಬ್ಬರೂ ಲಿವಿಯಾಳ ಮೊದಲ ಗಂಡನ ಮಕ್ಕಳು. ಕ್ರಿ.ಪೂ. 38ರಲ್ಲಿ, ಡ್ರೂಸಸ್ ಇನ್ನೂ ಹೊಟ್ಟೆಯಲ್ಲಿದ್ದಾಗಲೇ ಅವಳು ಅಗಸ್ಟಸ್‌ನನ್ನು ಮದುವೆಯಾದಳು. ಹಾಗಾಗಿ ಅಗಸ್ಟಸ್ ಕ್ಲಾಡಿಯಸ್‌ಗೆ ಅಜ್ಜಿಯ ಎರಡನೇ ಗಂಡ. ಇನ್ನೊಂದು ಕಡೆಯಿಂದಲೂ ಸಂಬಂಧ ಇದೆ. ಕ್ಲಾಡಿಯಸ್‌ನ ಅಮ್ಮ ಚಿಕ್ಕ ಆಂಟೋನಿಯಾ, ಅಗಸ್ಟಸ್‌ನ ಅಕ್ಕ ಆಕ್ಟೇವಿಯಾಳ ಮಗಳು. ಅಂದರೆ ಅಮ್ಮನಿಗೆ ಅಗಸ್ಟಸ್ ಸೋದರಮಾವ. ಆಂಟೋನಿಯಾಳ ಅಪ್ಪ ಯಾರು ಗೊತ್ತೇ? ಮಾರ್ಕ್ ಆಂಟನಿ. ಕ್ಲಿಯೋಪಾತ್ರಳ ಜೊತೆ ಸೇರಿ ಅಗಸ್ಟಸ್‌ನ ಮೇಲೆ ಯುದ್ಧಕ್ಕೆ ನಿಂತು, ಕ್ರಿ.ಪೂ. 31ರಲ್ಲಿ ಆಕ್ಟಿಯಂನಲ್ಲಿ ಸೋತವನು. ಗೆದ್ದವನ ಮನೆ, ಸೋತವನ ಮನೆ, ಎರಡೂ ಕ್ಲಾಡಿಯಸ್‌ಗೆ ತಾತನ ಮನೆಯೇ.

ಅಣ್ಣ ಜರ್ಮಾನಿಕಸ್, ರೋಮ್ ಜನರ ಕಣ್ಮಣಿ. ಅಣ್ಣನ ಮಗ ಕಲಿಗುಲ, ಕ್ಲಾಡಿಯಸ್‌ಗಿಂತ ಮೊದಲು ಚಕ್ರವರ್ತಿಯಾದವನು. ಅಣ್ಣನ ಮಗಳು ಆಗ್ರಿಪ್ಪಿನಾ, ಮುಂದೆ ಕ್ಲಾಡಿಯಸ್‌ನ ನಾಲ್ಕನೇ ಹೆಂಡತಿ. ಅವಳ ಮಗ ನೀರೋ. ಹುಟ್ಟಿನಿಂದ ನೀರೋ ಕ್ಲಾಡಿಯಸ್‌ಗೆ ಅಣ್ಣನ ಮೊಮ್ಮಗ. ಅವನ ತಾಯಿಯನ್ನು ಮದುವೆಯಾದ ಮೇಲೆ ಮಲಮಗ. ಆಮೇಲೆ ದತ್ತುಮಗ. ಕೊನೆಗೆ ಕ್ಲಾಡಿಯಸ್ ತನ್ನ ಮಗಳನ್ನೇ ಅವನಿಗೆ ಕೊಟ್ಟ ಮೇಲೆ ಅಳಿಯ.

ಅಣ್ಣನ ಮಗಳನ್ನು ಮದುವೆಯಾಗುವುದು ಅಂದರೆ ನಮ್ಮಲ್ಲಿ ಕೇಳಿದವರು ಕಿವಿ ಮುಚ್ಚಿಕೊಳ್ಳುತ್ತಾರೆ. ಅಣ್ಣನ ಮಗಳು ಅಂದರೆ ಮಗಳೇ. ಅಕ್ಕನ ಮಗಳಾದರೆ ಹಳೆಯ ಕಾಲದಿಂದ ನಡೆದು ಬಂದದ್ದು. ರೋಮಿನಲ್ಲೂ ಜನ ಕಿವಿ ಮುಚ್ಚಿಕೊಂಡರು, ಯಾಕೆಂದರೆ ಅಲ್ಲಿ ಅದು ನಿಷಿದ್ಧವೇ ಆಗಿತ್ತು. ಕ್ರಿ.ಶ. 49ರಲ್ಲಿ ಕ್ಲಾಡಿಯಸ್‌ಗಾಗಿಯೇ ಸೆನೆಟ್ ನಿಯಮ ಬದಲಿಸಿತು. ತಮಾಷೆ ನೋಡಿ, ಆ ಬದಲಾವಣೆ ಆದಮೇಲೆ ರೋಮನ್ ಕಾನೂನಿನ ಪಠ್ಯಗಳಲ್ಲಿ ಅಣ್ಣತಮ್ಮಂದಿರ ಮಗಳನ್ನು ಮದುವೆಯಾಗಬಹುದು, ಅಕ್ಕತಂಗಿಯರ ಮಗಳನ್ನು ಆಗುವಂತಿಲ್ಲ ಅಂತ ಬರೆದಿದೆ. ನಮ್ಮ ಪದ್ಧತಿಗೆ ಪೂರ್ತಿ ಉಲ್ಟಾ.

ಈಗ ಕಥೆಯ ಗಂಟು. ಅಗಸ್ಟಸ್‌ಗೆ ಗಂಡುಮಕ್ಕಳಿಲ್ಲ. ಮೊದಲಿನ ಮದುವೆಯಿಂದ ಒಬ್ಬಳೇ ಮಗಳು, ಜೂಲಿಯಾ. ಲಿವಿಯಾಳಿಗೆ ಇಬ್ಬರು ಗಂಡುಮಕ್ಕಳು, ಆದರೆ ಅಗಸ್ಟಸ್‌ನಿಂದ ಹುಟ್ಟಿದವರಲ್ಲ. ಮುಂದಿನ ಚಕ್ರವರ್ತಿ ಜೂಲಿಯಾಳ ಕಡೆಯಿಂದ ಬರಬೇಕೋ, ಲಿವಿಯಾಳ ಕಡೆಯಿಂದಲೋ? ಕಾದಂಬರಿಯ ಮೊದಲ ಅರ್ಧ ಪೂರ್ತಿ ಈ ಒಂದು ಪ್ರಶ್ನೆಯ ಮೇಲೆ ನಡೆಯುತ್ತದೆ. ಇದನ್ನು ಹಿಡಿದುಕೊಂಡರೆ ಯಾವ ಹೆಸರು ಮರೆತರೂ ಚಿಂತೆಯಿಲ್ಲ.

ಲಿವಿಯಾಳ ಅಡುಗೆಮನೆ

ಜೂಲಿಯಾಳ ಕಡೆಯವರು ಸಾಲಾಗಿ ಸತ್ತರು. ಮೊದಲ ಗಂಡ ಮಾರ್ಸೆಲಸ್, ಅಗಸ್ಟಸ್‌ನ ಅಕ್ಕನ ಮಗ, ಕ್ರಿ.ಪೂ. 23ರಲ್ಲಿ. ಎರಡನೇ ಗಂಡ ಆಗ್ರಿಪ್ಪಾ ಕ್ರಿ.ಪೂ. 12ರಲ್ಲಿ. ಅವಳ ಮಗ ಲೂಸಿಯಸ್ ಕ್ರಿ.ಶ. 2ರಲ್ಲಿ, ಇನ್ನೊಬ್ಬ ಮಗ ಗಾಯಸ್ ಕ್ರಿ.ಶ. 4ರಲ್ಲಿ. ಕೊನೆಯ ಮಗ ಪೋಸ್ಟುಮಸ್‌ನನ್ನು ಅಗಸ್ಟಸ್ ಸತ್ತ ಬೆನ್ನಿಗೇ, ಕ್ರಿ.ಶ. 14ರಲ್ಲಿ, ಅವನು ಗಡಿಪಾರಾಗಿದ್ದ ದ್ವೀಪದಲ್ಲೇ ಕೊಂದರು. ಉಳಿದವನು ಲಿವಿಯಾಳ ಮಗ ಟೈಬೀರಿಯಸ್. ಅವನೇ ಪಟ್ಟಕ್ಕೆ ಬಂದ.

ಗ್ರೇವ್ಸ್‌ನ ಕಾದಂಬರಿಯಲ್ಲಿ ಹೆಚ್ಚುಕಡಿಮೆ ಈ ಎಲ್ಲ ಸಾವುಗಳ ಹಿಂದೆಯೂ ಲಿವಿಯಾಳ ನೆರಳಿದೆ. ಅಗಸ್ಟಸ್ ಕೂಡ ಅವಳ ಕೈಯಿಂದಲೇ ಸಾಯುತ್ತಾನೆ. ಗಂಡನಿಗೆ ಅನುಮಾನ ಬಂದು, ಬೇರೆಯವರು ಕೊಟ್ಟದ್ದನ್ನು ತಿನ್ನುವುದು ಬಿಟ್ಟು, ಮರದಿಂದ ತಾನೇ ಕಿತ್ತ ಅಂಜೂರ ಮಾತ್ರ ತಿನ್ನುತ್ತಾನೆ. ಅವಳು ಮರದ ಮೇಲಿದ್ದ ಹಣ್ಣಿಗೇ ವಿಷ ಸವರುತ್ತಾಳೆ.

ಇದು ಗ್ರೇವ್ಸ್ ಕಟ್ಟಿದ್ದಲ್ಲ. ಕ್ಯಾಸಿಯಸ್ ಡಿಯೋ ಎಂಬ ಚರಿತ್ರೆಕಾರ ಬರೆದಿಟ್ಟ ಗಾಳಿಮಾತು. ಆದರೆ ಡಿಯೋ ಬರೆದದ್ದು ಅಗಸ್ಟಸ್ ಸತ್ತು ಸುಮಾರು ಇನ್ನೂರು ವರ್ಷದ ಮೇಲೆ. ಅವನಿಗಿಂತ ಹಿಂದಿನ ಚರಿತ್ರೆಕಾರ ಟ್ಯಾಸಿಟಸ್‌ನಲ್ಲಿ ಅಂಜೂರದ ಸುದ್ದಿಯೇ ಇಲ್ಲ. ‘ಹೆಂಡತಿಯ ಮೇಲೆ ಕೆಲವರಿಗೆ ಅನುಮಾನವಿತ್ತು’ ಅಂತ ಅವನು ಒಂದು ಮಾತು ಎಸೆದು ಸುಮ್ಮನಾಗುತ್ತಾನೆ. ಟ್ಯಾಸಿಟಸ್‌ನ ಜಾಣತನವೇ ಅದು. ತಾನು ಆರೋಪ ಮಾಡುವುದಿಲ್ಲ, ಊರಿನವರ ಬಾಯಲ್ಲಿ ಹೇಳಿಸುತ್ತಾನೆ. ಓದುವವರ ಮನಸ್ಸಿನಲ್ಲಿ ವಿಷ ಉಳಿಯುತ್ತದೆ.

ಸಾವುಗಳನ್ನು ಒಂದೊಂದಾಗಿ ನೋಡಿದರೆ ಆರೋಪ ನಿಲ್ಲುವುದು ಕಷ್ಟ. ಮಾರ್ಸೆಲಸ್ ಸತ್ತ ವರ್ಷ ರೋಮಿನಲ್ಲಿ ಕಾಯಿಲೆ ಹಬ್ಬಿ ಬಹಳ ಜನ ಸತ್ತರು. ಇದನ್ನು ಹೇಳುವವನೂ ಅದೇ ಡಿಯೋ. ಅದೇ ವರ್ಷ ಅಗಸ್ಟಸ್ ಕೂಡ ಸಾಯುವ ಹಾಗಾಗಿದ್ದ. ಆಂಟೋನಿಯಸ್ ಮೂಸಾ ಎಂಬ ವೈದ್ಯ ತಣ್ಣೀರಿನ ಚಿಕಿತ್ಸೆ ಕೊಟ್ಟು ಉಳಿಸಿದ. ಅದೇ ಚಿಕಿತ್ಸೆ ಮಾರ್ಸೆಲಸ್‌ಗೆ ಹತ್ತಲಿಲ್ಲ. ಲೂಸಿಯಸ್ ಸತ್ತದ್ದು ಈಗಿನ ಫ್ರಾನ್ಸಿನ ಮಾರ್ಸೇಯಲ್ಲಿ. ಗಾಯಸ್ ಆರ್ಮೇನಿಯದಲ್ಲಿ ಗಾಯಗೊಂಡು, ವಾಪಸ್ ಬರುವ ದಾರಿಯಲ್ಲಿ ಈಗಿನ ಟರ್ಕಿಯ ದಕ್ಷಿಣ ತೀರದಲ್ಲಿ ತೀರಿಕೊಂಡ. ಲಿವಿಯಾ ರೋಮಿನಲ್ಲಿ ಕೂತು ಇವರಿಗೆಲ್ಲ ವಿಷ ಮುಟ್ಟಿಸಿದಳು ಅಂತ ನಂಬಬೇಕಾದರೆ ಬಹಳ ನಂಬಬೇಕು. ಇವತ್ತಿನ ಇತಿಹಾಸಕಾರರಲ್ಲಿ ಹೆಚ್ಚಿನವರು ನಂಬುವುದಿಲ್ಲ. ಲಿವಿಯಾ ಮಾತ್ರ ಎಂಬತ್ತು ದಾಟಿ ಬದುಕಿದಳು. ಸುತ್ತಲಿನವರು ಸಾಯುತ್ತಾ ಹೋದಾಗ ಗಟ್ಟಿಯಾಗಿ ಉಳಿದ ಮುದುಕಿಯ ಮೇಲೆ ಊರಿಗೆ ಅನುಮಾನ ಬರುವುದು ಹೊಸದೇನಲ್ಲ.

ಹಾಗಾದರೆ ಗ್ರೇವ್ಸ್ ಸುಮ್ನೆ ಒಬ್ಬ ಖಳನಾಯಕಿಯನ್ನು ಮಾಡಿದನೇ? ಇಲ್ಲ. ಕಾದಂಬರಿಯ ಲಿವಿಯಾ ವಿಷ ಹಾಕುವುದು ಸಿಟ್ಟಿಗಲ್ಲ, ಹೊಟ್ಟೆಕಿಚ್ಚಿಗೂ ಅಲ್ಲ. ಗಣರಾಜ್ಯ ವಾಪಸ್ ಬಂದರೆ ಮತ್ತೆ ಅಂತರ್ಯುದ್ಧ ಶುರುವಾಗುತ್ತದೆ, ಅದಕ್ಕಿಂತ ಮನೆಯಲ್ಲಿ ನಾಲ್ಕು ಹೆಣ ಬೀಳುವುದು ವಾಸಿ ಅನ್ನುವ ಲೆಕ್ಕ ಅವಳದು. ಆ ಮನೆಯಲ್ಲಿ ರಾಜ್ಯ ನಡೆಸುವುದು ಗೊತ್ತಿದ್ದದ್ದು ಅವಳೊಬ್ಬಳಿಗೇ ಅನ್ನಿಸುವ ಹಾಗೆ ಗ್ರೇವ್ಸ್ ಬರೆಯುತ್ತಾನೆ. ಓದುತ್ತಾ ಓದುತ್ತಾ ಅವಳ ಕಡೆ ವಾಲುತ್ತೀರಿ, ಆಮೇಲೆ ನಿಮಗೇ ನಾಚಿಕೆಯಾಗುತ್ತದೆ.

ನನಗೆ ಎಲ್ಲಕ್ಕಿಂತ ಇಷ್ಟವಾದ ದೃಶ್ಯವೂ ಅವಳದೇ. ಮುದುಕಿಯಾದ ಲಿವಿಯಾ ಮೊಮ್ಮಗನನ್ನು ಊಟಕ್ಕೆ ಕರೆಯುತ್ತಾಳೆ. ಜೀವಮಾನವಿಡೀ ಅವನ ಜೊತೆ ಊಟಕ್ಕೆ ಕೂರಲು ಹೇಸಿದವಳು. ಕ್ಲಾಡಿಯಸ್ ಇತಿಹಾಸ ಬರೆಯುವವನಲ್ಲವೇ, ಒಂದೊಂದೇ ಹೆಸರು ಹಿಡಿದು ಕೇಳುತ್ತಾನೆ: ಇವನನ್ನು ಯಾರು ಕೊಂದರು, ಅವನನ್ನು ಯಾರು ಕೊಂದರು? ಅವಳು ಮುಚ್ಚುಮರೆ ಇಲ್ಲದೆ ಹೇಳುತ್ತಾ ಹೋಗುತ್ತಾಳೆ. ಬದಲಿಗೆ ಅವಳು ಕೇಳುವುದು ಒಂದೇ ಮಾತು: ನಾನು ಸತ್ತ ಮೇಲೆ ನನ್ನನ್ನು ದೇವತೆ ಮಾಡಿಸು. ಮಾಡಿದ ಪಾಪಕ್ಕೆ ನರಕ ತಪ್ಪಬೇಕಾದರೆ ಅದೊಂದೇ ದಾರಿ.

ಈ ಊಟ ಪೂರ್ತಿ ಕಲ್ಪನೆ. ಆದರೆ ಅದರ ಕೆಳಗೆ ಗಟ್ಟಿ ನೆಲವಿದೆ. ಕ್ರಿ.ಶ. 29ರಲ್ಲಿ ಲಿವಿಯಾ ಸತ್ತಾಗ ಮಗ ಟೈಬೀರಿಯಸ್ ಅಂತ್ಯಕ್ರಿಯೆಗೂ ಬರಲಿಲ್ಲ, ಅವಳಿಗೆ ದೈವಪದವಿ ಕೊಡಲೂ ಒಪ್ಪಲಿಲ್ಲ. ಹದಿಮೂರು ವರ್ಷ ಬಿಟ್ಟು, ಕ್ರಿ.ಶ. 42ರಲ್ಲಿ ಕ್ಲಾಡಿಯಸ್ ಅವಳನ್ನು ದೇವತೆ ಎಂದು ಸಾರಿಸಿದ. ತನ್ನನ್ನು ಕಂಡರಾಗದ ಅಜ್ಜಿಗೆ ಯಾಕೆ ಇಷ್ಟು ಮಾಡಿದ? ಇತಿಹಾಸಕಾರರ ಉತ್ತರ ಸಪ್ಪೆ, ಆದರೆ ಸರಿ. ಕ್ಲಾಡಿಯಸ್ ಅಗಸ್ಟಸ್‌ನ ನೇರ ಸಂತತಿಯಲ್ಲ, ದತ್ತಿನಿಂದಲೂ ಆ ಮನೆಗೆ ಸೇರಿದವನಲ್ಲ. ಅಜ್ಜಿ ದೇವತೆಯಾದರೆ ಅವನಿಗೂ ಒಂದು ದೈವೀ ಬೇರು ಸಿಕ್ಕ ಹಾಗಾಗುತ್ತದೆ. ಗ್ರೇವ್ಸ್ ಈ ರಾಜಕೀಯವನ್ನು ಬದಿಗಿಟ್ಟು, ಅಲ್ಲಿ ಮುದುಕಿಯೊಬ್ಬಳ ಭಯವನ್ನು ತಂದು ಕೂರಿಸಿದ. ನಡೆದದ್ದನ್ನು ಅವನು ಬದಲಿಸಲಿಲ್ಲ, ಯಾಕೆ ನಡೆಯಿತು ಅನ್ನುವ ಜಾಗ ಖಾಲಿ ಇತ್ತು, ಅಲ್ಲಿ ತನ್ನ ಕಥೆ ಇಟ್ಟ. ಅವನ ಪುಸ್ತಕದ ಬಹುಪಾಲು ಹೀಗೇ ನಡೆಯುತ್ತದೆ.

ಒಂದು ಸಾಲಿನಿಂದ ಒಬ್ಬ ಮನುಷ್ಯ

ಇನ್ನೊಂದು ಉದಾಹರಣೆ. ಕ್ರಿ.ಶ. 14ರಲ್ಲಿ ರೈನ್ ನದಿಯ ಹತ್ತಿರ ಸೈನ್ಯ ದಂಗೆ ಎದ್ದಾಗ, ಒಬ್ಬ ಯುವಕ ಕತ್ತಿ ಬೀಸುತ್ತಾ ದಾರಿ ಮಾಡಿಕೊಂಡು ಪಾರಾದ. ಹೆಸರು ಕ್ಯಾಸಿಯಸ್ ಕೇರಿಯಾ. ಟ್ಯಾಸಿಟಸ್ ಇಷ್ಟು ಹೇಳಿ, ಮುಂದೆ ಕಲಿಗುಲನನ್ನು ಕೊಂದು ಹೆಸರಾದವನು ಇವನೇ ಅಂತ ಸೇರಿಸುತ್ತಾನೆ. ಆಮೇಲೆ ಇಪ್ಪತ್ತೇಳು ವರ್ಷ ಬಿಟ್ಟು ಅವನು ಬೇರೆ ಪುಸ್ತಕಗಳಲ್ಲಿ ಕಾಣಿಸುತ್ತಾನೆ. ಆಗ ಅವನು ಅರಮನೆ ಕಾವಲುಪಡೆಯ ಅಧಿಕಾರಿ, ವಯಸ್ಸಾಗಿದೆ. ಕಾವಲಿನ ಗುಪ್ತ ಸಂಕೇತ ಕೇಳಲು ಬಂದಾಗಲೆಲ್ಲ ಕಲಿಗುಲ ಬೇಕಂತಲೇ ಅಸಹ್ಯದ ಮಾತು ಕೊಟ್ಟು ಅವನನ್ನು ಹೆಣ್ಣಿಗ ಅಂತ ಗೇಲಿ ಮಾಡುತ್ತಾನೆ. ಕೊನೆಗೆ ಮೊದಲ ಏಟು ಹೊಡೆಯುವವನು ಕೇರಿಯಾ.

ಚರಿತ್ರೆಯಲ್ಲಿ ಸಿಗುವುದು ಈ ಎರಡು ತುದಿ. ನಡುವಿನ ಇಪ್ಪತ್ತೇಳು ವರ್ಷ ಖಾಲಿ. ಗ್ರೇವ್ಸ್ ಆ ನಡುವನ್ನು ಹಳೆ ಸೀರೆಗೆ ರಫು ಹೊಡೆದ ಹಾಗೆ ತುಂಬುತ್ತಾನೆ. ಕೇರಿಯಾ ಆಗಾಗ ಕಾಣಿಸುತ್ತಿರುತ್ತಾನೆ, ನಂಬಿಕಸ್ಥ ಸೈನಿಕನಾಗಿ, ಜರ್ಮಾನಿಕಸ್‌ನ ಮನೆಗೆ ಬೇಕಾದವನಾಗಿ. ಅದೇ ಮನೆಯ ಮಗುವನ್ನು ಕೊನೆಗೆ ಅವನೇ ಕೊಲ್ಲುವಾಗ ನಿಮಗೆ ಅವನ ಹಳೆಯದೆಲ್ಲ ನೆನಪಿರುತ್ತದೆ.

ಇಲ್ಲಿ ಗ್ರೇವ್ಸ್‌ಗೆ ಅದೃಷ್ಟವೂ ಕೂಡಿಬಂತು. ಟ್ಯಾಸಿಟಸ್ ಬರೆದ ವಾರ್ಷಿಕ ಚರಿತ್ರೆಯಲ್ಲಿ 7ರಿಂದ 10ನೆಯ ಭಾಗಗಳು ಪೂರ್ತಿ, 11ನೆಯದರ ಶುರು ಕೂಡ ನಾಶವಾಗಿವೆ. ಅಂದರೆ ಕ್ರಿ.ಶ. 37ರಿಂದ 47ರವರೆಗೆ, ಕಲಿಗುಲನ ಇಡೀ ಆಳ್ವಿಕೆ ಮತ್ತು ಕ್ಲಾಡಿಯಸ್ ಪಟ್ಟಕ್ಕೆ ಬಂದ ಹೊತ್ತು, ಎರಡೂ ಇಲ್ಲ. ರೋಮಿನ ಅತಿ ಹರಿತವಾದ ಲೇಖಕ ಅತಿ ಹುಚ್ಚು ಚಕ್ರವರ್ತಿಯ ಬಗ್ಗೆ ಬರೆದದ್ದು ನಮಗೆ ದಕ್ಕಲಿಲ್ಲ. ಉಳಿದದ್ದು ಸ್ವೆಟೋನಿಯಸ್‌ನ ಹರಟೆ, ಡಿಯೋನ ಸಂಕ್ಷೇಪ, ಯಹೂದಿ ಚರಿತ್ರೆಕಾರ ಜೋಸೆಫಸ್ ಬರೆದ ಕಲಿಗುಲನ ಕೊಲೆಯ ವಿವರ, ಅಲ್ಲಿ ಇಲ್ಲಿ ಇನ್ನಷ್ಟು. ಕಾದಂಬರಿಕಾರನಿಗೆ ಇದಕ್ಕಿಂತ ಒಳ್ಳೆಯ ಮೈದಾನ ಬೇಕೇ?

ಇನ್ನು ಪರದೆಯ ಕಥೆ. ಕ್ರಿ.ಶ. 41ರ ಜನವರಿ 24. ಅರಮನೆಯಲ್ಲಿ ಕಲಿಗುಲನ ಕೊಲೆ. ಹೆದರಿದ ಕ್ಲಾಡಿಯಸ್ ಪರದೆಯ ಹಿಂದೆ ಅವಿತ. ಅತ್ತಿತ್ತ ಓಡಾಡುತ್ತಿದ್ದ ಒಬ್ಬ ಸಿಪಾಯಿಗೆ ಪರದೆ ಕೆಳಗೆ ಪಾದ ಕಂಡಿತು. ಎಳೆದು ಹೊರಗೆ ತಂದ. ಕ್ಲಾಡಿಯಸ್ ಕಾಲಿಗೆ ಬಿದ್ದ. ಸಿಪಾಯಿ ಅವನನ್ನೇ ಚಕ್ರವರ್ತಿ ಅಂತ ಕೂಗಿದ. ಆಗ ಅವನಿಗೆ ನಲವತ್ತೊಂಬತ್ತು ವರ್ಷ. ಕಾವಲುಪಡೆಯ ತಲೆಗೆ 15,000 ಸೆಸ್ಟರ್ಸ್ ಹಣ ಕೊಡುವುದಾಗಿ ಮಾತಾಯಿತು. ಹೀಗೆ ಸೈನಿಕರಿಗೆ ದುಡ್ಡು ಕೊಟ್ಟು ಪಟ್ಟ ಉಳಿಸಿಕೊಂಡ ಮೊದಲ ಚಕ್ರವರ್ತಿ ಇವನೇ ಅಂತ ಸ್ವೆಟೋನಿಯಸ್ ಕುಟುಕುತ್ತಾನೆ. ಕ್ಲಾಡಿಯಸ್ ಇದನ್ನು ಮುಚ್ಚಿಡಲೂ ಇಲ್ಲ. ಅವನ ನಾಣ್ಯಗಳ ಮೇಲೆ ಕಾವಲುಪಡೆಯ ಶಿಬಿರದ ಚಿತ್ರವಿದೆ. ಅಂದಹಾಗೆ, ಬೆಂಗಳೂರಿನ ಯಶವಂತಪುರದಲ್ಲಿ ಸಿಕ್ಕ ರೋಮನ್ ನಾಣ್ಯಗಳಲ್ಲಿ ಅಗಸ್ಟಸ್, ಟೈಬೀರಿಯಸ್‌ನ ನಾಣ್ಯಗಳ ಜೊತೆ ಕ್ಲಾಡಿಯಸ್‌ನವೂ ಇವೆ. ಮೆಣಸು, ಮುತ್ತು, ಬಟ್ಟೆಯ ವ್ಯಾಪಾರದಲ್ಲಿ ಈ ದಡ್ಡನ ಮುಖ ನಮ್ಮೂರಿಗೂ ಬಂದಿತ್ತು.

ಗ್ರೇವ್ಸ್‌ನ ಮೊದಲ ಪುಸ್ತಕ ಮುಗಿಯುವುದು ಈ ದೃಶ್ಯದಲ್ಲೇ. ಸಿಪಾಯಿಗಳು ಹೆಗಲ ಮೇಲೆ ಹೊತ್ತಿದ್ದಾರೆ, ಸುತ್ತ ಗದ್ದಲ, ಜೀವಕ್ಕೆ ಅಪಾಯ. ಆಗ ಕ್ಲಾಡಿಯಸ್‌ಗೆ ಬರುವ ಯೋಚನೆ ಏನು ಗೊತ್ತೇ? ಇನ್ನು ಮೇಲೆ ನನ್ನ ಪುಸ್ತಕಗಳನ್ನು ಜನ ಓದಲೇಬೇಕು ಅಂತ! ಬರೆಯುವ ಚಟ ಇರುವ ಯಾರಿಗಾದರೂ ಇಲ್ಲಿ ನಗು ಬರದೆ ಇರದು. ಇದು ಗ್ರೇವ್ಸ್‌ನ ಕುಚೇಷ್ಟೆ ಅಂದುಕೊಂಡರೆ, ಅದಕ್ಕೂ ಆಧಾರವಿದೆ. ನಿಜವಾದ ಕ್ಲಾಡಿಯಸ್ ಇಟಲಿಯ ಹಳೆಯ ಎಟ್ರಸ್ಕನ್ ಜನರ ಬಗ್ಗೆ ಗ್ರೀಕ್ ಭಾಷೆಯಲ್ಲಿ 20 ಸಂಪುಟ, ಕಾರ್ಥೇಜ್ ಬಗ್ಗೆ 8 ಸಂಪುಟ ಬರೆದಿದ್ದ. ಚಕ್ರವರ್ತಿ ಆದಮೇಲೆ ಅಲೆಕ್ಸಾಂಡ್ರಿಯದ ವಿದ್ಯಾಪೀಠಕ್ಕೆ ತನ್ನ ಹೆಸರಿನ ಹೊಸ ಕಟ್ಟಡ ಸೇರಿಸಿ, ಪ್ರತಿ ವರ್ಷ ಗೊತ್ತುಮಾಡಿದ ದಿನ ಅವನ್ನು ಶುರುವಿನಿಂದ ಕೊನೆಯವರೆಗೆ ಸರದಿಯ ಮೇಲೆ ಗಟ್ಟಿಯಾಗಿ ಓದಿಸುವ ಏರ್ಪಾಡು ಮಾಡಿದ. ಇಷ್ಟೆಲ್ಲ ಮಾಡಿಯೂ ಆ ಪುಸ್ತಕಗಳು ಉಳಿಯಲಿಲ್ಲ. ಪಾಪ.

ದಡ್ಡನೋ, ದಡ್ಡನ ವೇಷವೋ

ಕಾದಂಬರಿಯ ಬೆನ್ನುಮೂಳೆ ಇದು. ಹುಡುಗ ಕ್ಲಾಡಿಯಸ್ ಗ್ರಂಥಾಲಯದಲ್ಲಿ ಇಬ್ಬರು ದೊಡ್ಡ ಇತಿಹಾಸಕಾರರ ಕೈಗೆ ಸಿಕ್ಕುತ್ತಾನೆ. ಒಬ್ಬ ಲಿವಿ, ಇನ್ನೊಬ್ಬ ಪೊಲಿಯೊ. ಲಿವಿಗೆ ಕಥೆ ಚೆಂದವಾಗಿರಬೇಕು, ಓದಿದವರ ಎದೆ ಉಬ್ಬಬೇಕು. ಪೊಲಿಯೊಗೆ ನಡೆದದ್ದು ನಡೆದ ಹಾಗೆ ಬರಬೇಕು. ಇಬ್ಬರೂ ಹುಡುಗನ ಎದುರೇ ಜಗಳಕ್ಕೆ ಬೀಳುತ್ತಾರೆ. ಕೊನೆಗೆ ಪೊಲಿಯೊ ಹುಡುಗನಿಗೆ ಗುಟ್ಟಾಗಿ ಒಂದು ಬುದ್ಧಿಮಾತು ಹೇಳುತ್ತಾನೆ: ಜಾಸ್ತಿ ದಿನ ಬದುಕಬೇಕಾದರೆ ಇನ್ನೂ ಜೋರಾಗಿ ಕುಂಟು, ಇನ್ನೂ ಜಾಸ್ತಿ ತೊದಲು.

ಈ ಭೇಟಿ ನಡೆದ ದಾಖಲೆ ಇಲ್ಲ. ಆದರೆ ಯುವಕ ಕ್ಲಾಡಿಯಸ್‌ಗೆ ಇತಿಹಾಸ ಬರೆಯಲು ಹುರಿದುಂಬಿಸಿದವನು ಲಿವಿ ಅನ್ನುವುದು ದಾಖಲಾಗಿದೆ. ರೋಮಿನಲ್ಲಿ ಸಾರ್ವಜನಿಕ ಗ್ರಂಥಾಲಯ ಮೊದಲು ತೆರೆದವನು ಪೊಲಿಯೊ ಅನ್ನುವುದೂ ಹೌದು. ದಡ್ಡನ ವೇಷ? ಅದು ಕ್ಲಾಡಿಯಸ್‌ನದೇ ಮಾತು. ಕಲಿಗುಲನ ಕಾಲದಲ್ಲಿ ಬೇಕಂತಲೇ ಪೆದ್ದನ ಹಾಗೆ ನಟಿಸಿ ಜೀವ ಉಳಿಸಿಕೊಂಡೆ ಅಂತ ಅವನು ಚಕ್ರವರ್ತಿಯಾದ ಮೇಲೆ ಭಾಷಣಗಳಲ್ಲಿ ಹೇಳಿಕೊಂಡ. ಯಾರೂ ನಂಬಲಿಲ್ಲ. ಸ್ವಲ್ಪ ದಿನಕ್ಕೇ ಊರಿನಲ್ಲಿ ಒಂದು ಪುಸ್ತಕ ಹೊರಬಂತು, ಪೆದ್ದತನವನ್ನು ಯಾರೂ ನಟಿಸಲಾರರು ಅನ್ನುವುದೇ ಅದರ ತಾತ್ಪರ್ಯ.

ಗ್ರೇವ್ಸ್ ನಂಬಿದ, ಅಥವಾ ಕಥೆಗೆ ಬೇಕಾದಷ್ಟು ನಂಬಿದ. ಅವನ ಬದುಕು ನೋಡಿದರೆ ಆಶ್ಚರ್ಯವಿಲ್ಲ. 1916ರ ಜುಲೈನಲ್ಲಿ ಸೊಮ್ ಯುದ್ಧದಲ್ಲಿ ಗಾಯಗೊಂಡ ಅವನನ್ನು ಸತ್ತವರ ಪಟ್ಟಿಗೆ ಸೇರಿಸಿ ಮನೆಗೆ ಸುದ್ದಿ ಕಳಿಸಿದ್ದರು. ಪತ್ರಿಕೆಯಲ್ಲೂ ಬಂದಿತ್ತು. ನೀನು ಇಂಥವನು ಅಂತ ಊರು ಒಮ್ಮೆ ತೀರ್ಮಾನಿಸಿದ ಮೇಲೆ ಅದರ ಹಿಂದೆ ಅವಿತು ಬದುಕುವವನ ಕಷ್ಟ ಸುಖ ಅವನಿಗೆ ಗೊತ್ತಿತ್ತು ಅನ್ನಿಸುತ್ತದೆ. ಲಿವಿ-ಪೊಲಿಯೊ ಜಗಳಕ್ಕೂ ಮನೆಯಲ್ಲೇ ಬೇರಿತ್ತು. ಗ್ರೇವ್ಸ್‌ನ ತಾಯಿ ರಾಂಕೆ ಮನೆತನದವಳು. ಇತಿಹಾಸ ನಿಜವಾಗಿ ನಡೆದದ್ದನ್ನಷ್ಟೇ ಹೇಳಬೇಕು ಅಂತ ಹಟ ಹಿಡಿದ 19ನೆಯ ಶತಮಾನದ ಜರ್ಮನ್ ವಿದ್ವಾಂಸ ಲಿಯೋಪೋಲ್ಡ್ ಫಾನ್ ರಾಂಕೆ ಆ ಮನೆತನದ ಹಿರಿಯ. ಅಂಥ ಮನೆಯ ಮೊಮ್ಮಗ ಕಾದಂಬರಿ ಬರೆಯಲು ಕೂತು, ಪೊಲಿಯೊನ ವಾದ ಹಿಡಿದು ಲಿವಿಯ ಕೆಲಸ ಮಾಡಿದ.

ಕ್ಲಾಡಿಯಸ್‌ನ ಸ್ವಂತ ದನಿ

ಆತ್ಮಕಥೆ ಕಳೆದುಹೋದರೂ ಕ್ಲಾಡಿಯಸ್ ಹೇಗೆ ಮಾತಾಡುತ್ತಿದ್ದ ಅಂತ ತಿಳಿಯಲು ಒಂದು ದಾರಿ ಇದೆ. ಫ್ರಾನ್ಸಿನ ಲಿಯೋನ್ ಅವನು ಹುಟ್ಟಿದ ಊರು. ಅಲ್ಲಿ 1528ರಲ್ಲಿ ಒಂದು ದ್ರಾಕ್ಷಿತೋಟದಲ್ಲಿ ಕಂಚಿನ ಫಲಕ ಸಿಕ್ಕಿತು. ಗಾಲ್, ಅಂದರೆ ಈಗಿನ ಫ್ರಾನ್ಸ್ ಕಡೆಯ ಪ್ರಾಂತ್ಯದ ಮುಖಂಡರನ್ನು ಸೆನೆಟ್‌ಗೆ ಸೇರಿಸಿಕೊಳ್ಳಬೇಕು ಅಂತ ಕ್ರಿ.ಶ. 48ರಲ್ಲಿ ಅವನು ಮಾಡಿದ ಭಾಷಣ ಅದರಲ್ಲಿ ಕೊರೆದಿದೆ. ಇದೇ ಭಾಷಣವನ್ನು ಟ್ಯಾಸಿಟಸ್ ಕೂಡ ತನ್ನ ಪುಸ್ತಕದಲ್ಲಿ ಕೊಟ್ಟಿದ್ದಾನೆ. ಎರಡನ್ನೂ ಪಕ್ಕಪಕ್ಕ ಇಟ್ಟು ಓದುವ ಅವಕಾಶ ಪ್ರಾಚೀನ ಇತಿಹಾಸದಲ್ಲಿ ಸಿಗುವುದೇ ಅಪರೂಪ.

ಟ್ಯಾಸಿಟಸ್‌ನ ಕ್ಲಾಡಿಯಸ್ ಚುರುಕು. ವಾದ ಒಂದರ ಹಿಂದೆ ಒಂದು ಬರುತ್ತದೆ, ಎಲ್ಲೂ ಎಡವುವುದಿಲ್ಲ. ಕಂಚಿನ ಕ್ಲಾಡಿಯಸ್ ಹಾಗಲ್ಲ. ರೋಮಿನ ಹಳೆಯ ರಾಜರು ಹೊರಗಿನವರೇ ಆಗಿದ್ದರು ಅನ್ನಲು ಹೋಗಿ, ಸರ್ವಿಯಸ್ ಟುಲಿಯಸ್ ಎಂಬ ರಾಜನ ಸುದ್ದಿಗೆ ಸಿಕ್ಕಿಹಾಕಿಕೊಳ್ಳುತ್ತಾನೆ. ನಮ್ಮವರು ಒಂದು ಹೇಳುತ್ತಾರೆ, ಎಟ್ರಸ್ಕನ್ ಲೇಖಕರು ಇನ್ನೊಂದು ಹೇಳುತ್ತಾರೆ, ಅವರ ಪ್ರಕಾರ ಅವನ ಮೊದಲಿನ ಹೆಸರು ಮಸ್ತಾರ್ನಾ, ಅವನು ಕೇಲಿಯಸ್ ವಿವೆನ್ನಾ ಎಂಬವನ ಗೆಳೆಯ, ಹೀಗೆ ಬಿಡಿಸುತ್ತಾ ಹೋಗುತ್ತಾನೆ. ಗಾಲ್ ಮುಖಂಡರು ಎಲ್ಲೋ ಹಿಂದೆ ಉಳಿದಿದ್ದಾರೆ. ಒಂದು ಹಂತದಲ್ಲಿ ಅವನೇ ತನ್ನನ್ನು ಹೆಸರು ಹಿಡಿದು ಕರೆದು, ಭಾಷಣ ಎಲ್ಲಿಗೆ ಹೋಗುತ್ತಿದೆ ಅಂತ ಈಗಲಾದರೂ ಸೆನೆಟರುಗಳಿಗೆ ಹೇಳಪ್ಪಾ ಅಂದುಕೊಳ್ಳುತ್ತಾನೆ! ಅದು ಬೇಸತ್ತ ಸೆನೆಟರ್ ಒಬ್ಬ ಕೂಗಿದ ಮಾತು ಅಂತ ವಾದಿಸಿದ ವಿದ್ವಾಂಸರೂ ಇದ್ದಾರೆ. ಯಾವುದಾದರೂ ಸರಿ, ಆ ಸಭೆ ಕಣ್ಣಿಗೆ ಕಟ್ಟುತ್ತದೆ.

ಟ್ಯಾಸಿಟಸ್ ಮಸ್ತಾರ್ನಾನನ್ನು ಕಿತ್ತು ಬಿಸಾಡಿದ. ಒಳ್ಳೆಯ ಸಂಪಾದಕ ಮಾಡುವ ಕೆಲಸ. ಆದರೆ ಪಾಂಡಿತ್ಯದಲ್ಲಿ ಕ್ಲಾಡಿಯಸ್ ಸುಳ್ಳು ಹೇಳಿರಲಿಲ್ಲ. 1857ರಲ್ಲಿ ಇಟಲಿಯ ವುಲ್ಚಿಯಲ್ಲಿ ತೆರೆದ ಎಟ್ರಸ್ಕನ್ ಸಮಾಧಿಯೊಂದರ ಗೋಡೆಯ ಮೇಲೆ, ಅದೇ ಮಸ್ತಾರ್ನಾ ಅದೇ ವಿವೆನ್ನಾನ ಕಟ್ಟು ಬಿಡಿಸುತ್ತಿರುವ ಚಿತ್ರ ಸಿಕ್ಕಿತು, ಹೆಸರುಗಳ ಸಮೇತ.

ಗ್ರೇವ್ಸ್‌ನ ಕ್ಲಾಡಿಯಸ್ ಮಾತಾಡುವುದು ಹೀಗೇ. ಕೊಲೆಯ ಕಥೆ ಹೇಳುತ್ತಿದ್ದವನು ನಿಲ್ಲಿಸಿ, ಒಂದು ಹಳೆಯ ಆಚರಣೆಯ ಮೂಲ ವಿವರಿಸುತ್ತಾನೆ, ಕ್ಷಮೆ ಕೇಳುತ್ತಾನೆ, ಮತ್ತೆ ವಿವರಿಸುತ್ತಾನೆ. ಮೊದಲ ಓದಿಗೆ ಇದು ಬೇಜಾರು ತರಿಸಬಹುದು. ಕಂಚಿನ ಫಲಕದ ಅನುವಾದ ಓದಿ ಬಂದರೆ ಅದೇ ಜಾಗಗಳಲ್ಲಿ ನಗು ಬರುತ್ತದೆ.

ಅಗಸ್ಟಸ್‌ನ ಕಾಗದಗಳೂ ಹೀಗೇ. ಸ್ವೆಟೋನಿಯಸ್ ಅರಮನೆಯ ಕಚೇರಿಯಲ್ಲಿ ಕೆಲಸ ಮಾಡಿದವನು, ಅಗಸ್ಟಸ್ ಲಿವಿಯಾಳಿಗೆ ಬರೆದ ಕೆಲವು ಓಲೆಗಳ ಸಾಲುಗಳನ್ನು ಹಾಗೇ ಎತ್ತಿ ಕೊಟ್ಟಿದ್ದಾನೆ. ವಿಷಯ ಒಂದೇ, ಈ ಹುಡುಗನನ್ನು ಏನು ಮಾಡೋಣ? ಆಟದ ದಿನ ನಮ್ಮ ಜೊತೆ ಮುಂದೆ ಕೂರಿಸುವುದು ಬೇಡ, ಎಲ್ಲರ ಕಣ್ಣಿಗೂ ಬೀಳುತ್ತಾನೆ. ಪುರೋಹಿತರ ಊಟದ ಉಸ್ತುವಾರಿ ಕೊಡಬಹುದು, ಪಕ್ಕದಲ್ಲಿ ಹೇಳಿಕೊಡುವವರು ಇದ್ದರೆ. ಇನ್ನೊಂದರಲ್ಲಿ ಅಗಸ್ಟಸ್ ಬೆರಗಾಗಿದ್ದಾನೆ: ಮಾತಾಡಿದರೆ ಅರ್ಥವಾಗದ ಹುಡುಗ ಭಾಷಣ ಮಾಡುವಾಗ ಅಷ್ಟು ಸ್ಪಷ್ಟವಾಗಿ ಹೇಗೆ ಹೇಳಿದ? ಮನೆಯ ಮಗುವಿನ ಬಗ್ಗೆ ನಾಚಿಕೆ, ಕರುಣೆ, ಜನ ಏನಂದಾರು ಅನ್ನುವ ಭಯ, ಎಲ್ಲ ಬೆರೆತ ಕಾಗದಗಳು. ಕ್ಲಾಡಿಯಸ್‌ನ ಹೆತ್ತಮ್ಮನೇ ಅವನನ್ನು ಪ್ರಕೃತಿ ಶುರುಮಾಡಿ ಅರ್ಧಕ್ಕೆ ಬಿಟ್ಟ ಜೀವ ಅನ್ನುತ್ತಿದ್ದಳಂತೆ. ಈ ಮನೆಯ ಚಿತ್ರದಲ್ಲಿ ಗ್ರೇವ್ಸ್ ಕಲ್ಪಿಸಿಕೊಳ್ಳಬೇಕಾದದ್ದು ಕಡಿಮೆಯೇ ಇತ್ತು.

ಗ್ರೇವ್ಸ್‌ಗೆ ಗೊತ್ತಿರಲಾರದ ಒಂದು ಸಂಗತಿ

ಜರ್ಮಾನಿಕಸ್ ಕ್ರಿ.ಶ. 19ರಲ್ಲಿ ಆಂಟಿಯೋಕ್‌ನಲ್ಲಿ ಸತ್ತ. ಸಿರಿಯಾದ ರಾಜ್ಯಪಾಲ ಪೀಸೋ ಮತ್ತವನ ಹೆಂಡತಿ ಪ್ಲಾಂಸಿನಾ ವಿಷ ಹಾಕಿಸಿದರು ಅಂತ ಆರೋಪ. ಮನೆಯ ನೆಲ, ಗೋಡೆಗಳಲ್ಲಿ ಹೆಣದ ತುಂಡುಗಳು, ಜರ್ಮಾನಿಕಸ್ ಹೆಸರು ಕೊರೆದ ಸೀಸದ ತಗಡುಗಳು ಸಿಕ್ಕಿದವು ಅಂತ ಟ್ಯಾಸಿಟಸ್ ಬರೆಯುತ್ತಾನೆ. ಪಕ್ಕಾ ಮಾಟ. ಗ್ರೇವ್ಸ್ ಇದಕ್ಕೆ ಕೊಟ್ಟ ತಿರುವನ್ನು ನಾನಿಲ್ಲಿ ಹೇಳುವುದಿಲ್ಲ. ಆ ಹೊತ್ತಿಗೆ ಕಲಿಗುಲನಿಗೆ ಏಳು ವರ್ಷ ಅನ್ನುವುದನ್ನು ಮಾತ್ರ ನೆನಪಿಡಿ.

ವಿಚಾರಣೆ ಮುಗಿಯುವ ಮೊದಲೇ ಪೀಸೋ ಸತ್ತ. ಪ್ಲಾಂಸಿನಾ ಮಾತ್ರ ಪಾರಾದಳು. ಲಿವಿಯಾ ಅಡ್ಡ ಬಂದು ಉಳಿಸಿದಳು ಅಂತ ಟ್ಯಾಸಿಟಸ್ ಹಲ್ಲು ಕಡಿದು ಬರೆದಿದ್ದಾನೆ. ಬಹಳ ಕಾಲ ಇದನ್ನು ಅವನ ಲಿವಿಯಾ-ದ್ವೇಷ ಅಂದುಕೊಳ್ಳಬಹುದಿತ್ತು. 1980ರ ದಶಕದ ಕೊನೆಯಲ್ಲಿ ಸ್ಪೇನಿನ ದಕ್ಷಿಣದಲ್ಲಿ ಕಂಚಿನ ಫಲಕಗಳು ಸಿಕ್ಕಿ, 1996ರಲ್ಲಿ ಪ್ರಕಟವಾದವು. ಅದು ಆ ವಿಚಾರಣೆಯ ಬಗ್ಗೆ ಸೆನೆಟ್ ಹೊರಡಿಸಿದ ತೀರ್ಮಾನ, ಕ್ರಿ.ಶ. 20ರ ಡಿಸೆಂಬರ್ 10ರ ತಾರೀಕು. ಪ್ಲಾಂಸಿನಾಳನ್ನು ಬಿಟ್ಟದ್ದು ಲಿವಿಯಾಳ ಕೋರಿಕೆಯ ಮೇಲೆ ಅಂತ ಸೆನೆಟ್ ಅದರಲ್ಲಿ ರಾಜಾರೋಷವಾಗಿ ಹೇಳಿದೆ. ಅಷ್ಟೇ ಅಲ್ಲ, ಆಕೆಗೆ ನಮ್ಮ ಬಳಿ ಏನು ಬೇಕಾದರೂ ಕೇಳುವ ಹಕ್ಕಿದ್ದರೂ ಬಹಳ ಕಡಿಮೆ ಕೇಳುತ್ತಾರೆ ಅಂತ ಹೊಗಳಿದೆ ಕೂಡ. ಗ್ರೇವ್ಸ್ 1985ರಲ್ಲೇ ತೀರಿಕೊಂಡಿದ್ದ. ವಿಷದ ವಿಷಯದಲ್ಲಿ ಅವನ ಲಿವಿಯಾ ಸುಳ್ಳಿರಬಹುದು. ಸೆನೆಟ್ ಅವಳ ಮುಂದೆ ಬಾಗುತ್ತಿದ್ದ ರೀತಿಯಲ್ಲಿ ಮಾತ್ರ ಅವನ ಅಂದಾಜು ಕಂಚಿಗೆ ಹತ್ತಿರವಿದೆ.

ಓದಬೇಕು ಅನ್ನಿಸಿದವರಿಗೆ ಒಂದೆರಡು ಮಾತು. ಗ್ರೇವ್ಸ್ ಇದನ್ನು ಮಯೋರ್ಕ ದ್ವೀಪದ ದೆಯಾ ಎಂಬ ಹಳ್ಳಿಯಲ್ಲಿ ಕೂತು, ತಲೆಯ ಮೇಲೆ ಸಾಲ ಹೊತ್ತು ಬರೆದ. ಆ ಅವಸರ ಮೊದಲ ಪುಸ್ತಕಕ್ಕೆ ಒಳ್ಳೆಯದೇ ಮಾಡಿದೆ, ಕಥೆ ಓಡುತ್ತದೆ. ಎರಡನೇ ಭಾಗ ‘ಕ್ಲಾಡಿಯಸ್ ದ ಗಾಡ್’ನಲ್ಲಿ ಬ್ರಿಟನ್ ದಂಡಯಾತ್ರೆ, ಮೂರನೇ ಹೆಂಡತಿ ಮೆಸಲೀನಾ, ಕೊನೆಗೆ ವಿಷ ಬೆರೆಸಿದ ಅಣಬೆಯ ಊಟ ಎಲ್ಲ ಇದೆ. ಆದರೆ ಯೂದಾಯದ ರಾಜ ಹೆರೋಡ್ ಅಗ್ರಿಪ್ಪನ ಕಥೆ ಬಹಳ ಜಾಗ ತಿನ್ನುತ್ತದೆ, ನನಗೆ ಮೊದಲನೆಯದರಷ್ಟು ಹಿಡಿಸಲಿಲ್ಲ. 1976ರ ಬಿಬಿಸಿ ಧಾರಾವಾಹಿಯಲ್ಲಿ ಡೆರೆಕ್ ಜೇಕಬಿ ಕ್ಲಾಡಿಯಸ್, ಶಾನ್ ಫಿಲಿಪ್ಸ್ ಲಿವಿಯಾ. ಅದನ್ನು ಮೊದಲು ನೋಡಿದರೆ ಹೆಸರುಗಳಿಗೆ ಮುಖ ಸಿಗುತ್ತದೆ, ಓದು ಸಲೀಸು.

ಕಾದಂಬರಿ ಮುಗಿದ ಮೇಲೆ ಸ್ವೆಟೋನಿಯಸ್‌ನ ಹನ್ನೆರಡು ಸೀಸರ್‌ಗಳ ಕಥೆ ತೆಗೆದುಕೊಳ್ಳಿ. 1957ರಲ್ಲಿ ಅದನ್ನು ಇಂಗ್ಲಿಷಿಗೆ ತಂದವನೂ ಇದೇ ಗ್ರೇವ್ಸ್. ಅದರಲ್ಲಿ ಕ್ಲಾಡಿಯಸ್‌ನ ಅಧ್ಯಾಯ ಒಂದು ಸಂಜೆಗೆ ಮುಗಿಯುತ್ತದೆ. ಪೆನ್ಸಿಲ್ ಹಿಡಿದುಕೊಂಡೇ ಕೂತುಕೊಳ್ಳಿ. ಕಾದಂಬರಿಯಲ್ಲಿ ಇದು ಖಂಡಿತ ಕಟ್ಟಿದ್ದು ಅಂತ ನೀವು ಅಂದುಕೊಂಡಿದ್ದ ಎಷ್ಟೋ ಸಂಗತಿಗಳಿಗೆ ಅಲ್ಲಿ ಗುರುತು ಹಾಕಬೇಕಾಗುತ್ತದೆ.